ಐವತ್ತು ಜನಕ್ಕೆ ಎಷ್ಟು ಅಕ್ಕಿ

ಮೊದಲೇ ಹೇಳಿಬಿಡುತ್ತೇನೆ: ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ತಡ. ಇಳಿದ ಮೇಲೆ ಬರೆಯೋಣ ಎಂದು ಕಾದರೆ ಈ ಜನ್ಮದಲ್ಲಿ ಬರೆದ ಹಾಗೆಯೇ. ಅದಕ್ಕೇ ಸಿಟ್ಟು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಓದುವವರು ಒಂದೆರಡು ಕಡೆ ಸಹಿಸಿಕೊಳ್ಳಬೇಕು.

ಕೊಲ್ಕತ್ತಾದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಹೋಟೆಲು. ಮುಂದೆ ಹನ್ನೆರಡು ಟೇಬಲ್ಲು, ಹಿಂದೆ ಅಡುಗೆಮನೆ, ಮೇಲೆ ನಾವು ವಾಸ ಇರುವ ಮನೆ. ಉಡುಪಿ ಕಡೆಯಿಂದ ಬಂದ ನನ್ನ ಮಾವ ಹಾಕಿದ್ದು, ಈಗ ನನ್ನ ಗಂಡ ನಡೆಸುವುದು. ದೋಸೆ ಇಡ್ಲಿಗಿಂತ ಹೆಚ್ಚು ನಮ್ಮನ್ನು ಸಾಕಿದ್ದು ಕ್ಯಾಟರಿಂಗ್. ಮದುವೆಯಾಗಿ ಬಂದ ಮೂರನೆಯ ತಿಂಗಳಿಗೇ ಅದರ ಫೋನು ನನ್ನ ಕೈಗೆ ಬಂತು, ಯಾಕೆಂದರೆ ಆ ಮನೆಯಲ್ಲಿ ಬಂಗಾಳಿ ಎಲ್ಲರಿಗಿಂತ ಬೇಗ ಕಲಿತದ್ದು ನಾನು. ಹತ್ತೊಂಬತ್ತು ವರ್ಷದಿಂದ ಆ ಫೋನು ನನ್ನ ಹತ್ತಿರವೇ ಇದೆ.

ಆರ್ಡರ್ ಕೊಡುವವರು ಸುಮ್ಮನೆ "ಎಂಬತ್ತು ಜನ" ಎನ್ನುತ್ತಾರೆ. ಎಂಬತ್ತು ಜನ ಎಂದರೆ ಎಂಬತ್ತು ಹೊಟ್ಟೆ ಅಲ್ಲ. ಊಟ ಮಧ್ಯಾಹ್ನವೋ ಸಂಜೆಯೋ, ಮಕ್ಕಳೆಷ್ಟು, ಮುದುಕರೆಷ್ಟು, ಮದುವೆಯೋ ಶ್ರಾದ್ಧವೋ, ಸಿಹಿ ಒಂದೋ ಎರಡೋ, ಎಲೆಯ ಮೇಲೋ ಪ್ಲೇಟಿನಲ್ಲೋ, ಇದೆಲ್ಲ ಕೇಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, ಅಕ್ಕಿ ಇಷ್ಟು ಬೇಳೆ ಇಷ್ಟು ತೆಂಗಿನಕಾಯಿ ಇಷ್ಟು ಎಂದು ಚೀಟಿ ಬರೆದು ಅಡುಗೆಭಟ್ಟರಿಗೆ ಕೊಡುವುದು ನಾನು. ಭಟ್ಟರು ಆ ಚೀಟಿ ಬಿಟ್ಟು ಒಂದು ಹಿಡಿ ಅಕ್ಕಿ ಹೆಚ್ಚು ಹಾಕುವವರಲ್ಲ. ಇಷ್ಟು ವರ್ಷದಲ್ಲಿ ನಮ್ಮ ಅನ್ನ ಸಾಲದೆ ಯಾವ ಮನೆಯವರೂ ತಲೆ ತಗ್ಗಿಸಿಲ್ಲ. ಊಟ ಮುಗಿದ ಮೇಲೆ ಅವರೆಲ್ಲ ಬಂದು ಕೈ ಹಿಡಿದುಕೊಳ್ಳುವುದು ಮಾತ್ರ ನನ್ನ ಗಂಡನದ್ದು. "ದಾದಾ, ಎಷ್ಟು ಸರಿಯಾಗಿ ಅಂದಾಜು ಮಾಡಿದ್ರಿ!" ಎನ್ನುತ್ತಾರೆ. ಇವರು ಮುಗುಳ್ನಗುತ್ತಾರೆ. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಅದು ಹಸಿ ಸುಳ್ಳು.

ಆ ಹುಡುಗಿ ನಮ್ಮಲ್ಲಿಗೆ ಬಂದದ್ದು ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ. ಬೆಂಗಳೂರಿನವಳು, ಇಪ್ಪತ್ತಾರೋ ಇಪ್ಪತ್ತೇಳೋ. ಸೆಕ್ಟರ್ ಫೈವ್‌ನ ಒಂದು ಕಂಪನಿಯಲ್ಲಿ, ಬೇರೆಯವರ ವೆಬ್‌ಸೈಟುಗಳು ಹುಡುಕಾಟದಲ್ಲಿ ಮೇಲೆ ಬರುವ ಹಾಗೆ ಮಾಡುವ ಕೆಲಸ. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಳು. ಮೊದಲ ದಿನ ಸಾರು ಅನ್ನ ಬಾಯಿಗಿಟ್ಟು ಅವಳ ಕಣ್ಣಲ್ಲಿ ನೀರು ಬಂತು. "ಅಕ್ಕ, ನಾಲ್ಕು ತಿಂಗಳಾಯ್ತು ಇಂಥ ಸಾರು ತಿಂದು" ಎಂದಳು. ಅಷ್ಟು ಸಾಕಾಯಿತು ನನಗೆ. ಅವತ್ತಿನಿಂದ ಅವಳು ಗಿರಾಕಿ ಅಲ್ಲ, ಮನೆಯವಳು. ಜ್ವರ ಬಂದರೆ ಗಂಜಿ, ಹಬ್ಬಕ್ಕೆ ಎಲೆ ಊಟ. ನನ್ನ ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೊಡುತ್ತಾಳೆ. ಹಾಗಾಗಿ ಕನ್ನಡದಲ್ಲಿ ಬಾಯಿ ತುಂಬ ಹರಟುವ ಒಂದು ಹುಡುಗಿ ಸಿಕ್ಕಿದ್ದು ನನಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ.

ಹೋಟೆಲಿನಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ನೊಣ ಹೊಡೆಯುವ ಹೊತ್ತು. ಶನಿವಾರ ಅವಳು ಆ ಹೊತ್ತಿಗೆ ಬಂದು ಕೌಂಟರಿನ ಪಕ್ಕದ ಟೇಬಲ್ಲಿಗೆ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದಳು. ಹೋದ ವರ್ಷ ಒಂದು ದಿನ ಕೇಳಿದೆ, "ಇದರಲ್ಲಿ ನನ್ನಂಥವಳು ಎಂಥಾದ್ರೂ ಮಾಡ್ಲಿಕ್ಕೆ ಆಗ್ತದಾ?"

"ಯಾಕಾಗಲ್ಲ ಅಕ್ಕ? ನಿಮ್ದೇ ಒಂದು ಸೈಟ್ ಮಾಡಿ. ಆದ್ರೆ ಮೊದ್ಲು ನೀಶ್ ಹುಡುಕ್ಬೇಕು."

ನೀಶ್ ಎಂದರೆ ಒಂದೇ ಒಂದು ಸಣ್ಣ ವಿಷಯ, ಅದರಲ್ಲಿ ನಾವೇ ದೊಡ್ಡವರು ಎನ್ನುವ ಹಾಗಿರಬೇಕು ಎಂದು ಬಿಡಿಸಿ ಹೇಳಿದಳು. ಅದನ್ನು ಹುಡುಕುವ ದಾರಿ ಕೀವರ್ಡ್. ಜನ ಹುಡುಕುವ ಪೆಟ್ಟಿಗೆಯಲ್ಲಿ ಯಾವ ಮಾತು ಬರೆಯುತ್ತಾರೆ, ತಿಂಗಳಿಗೆ ಎಷ್ಟು ಮಂದಿ ಬರೆಯುತ್ತಾರೆ, ಬರೆದಾಗ ಮೊದಲ ಪುಟದಲ್ಲಿ ಯಾರು ಕಾಣಿಸುತ್ತಾರೆ, ಪಕ್ಕದಲ್ಲಿ ಯಾರ ಜಾಹೀರಾತು ಇದೆ, ಇಷ್ಟನ್ನೂ ಒಂದು ಶೀಟಿನಲ್ಲಿ ಸಾಲಾಗಿ ಬರೆಯಬೇಕು. ಹೋಟೆಲಿನ ಕೌಂಟರಿನಲ್ಲಿದ್ದ ಕಂಪ್ಯೂಟರಿನಲ್ಲೇ ನನಗೊಂದು ಶೀಟು ತೆರೆದುಕೊಟ್ಟಳು.

"ಎಲ್ರೂ ಮಾಡೋ ತಪ್ಪು ಇದೇ ಅಕ್ಕ. ತಮಗೆ ಏನು ಹೇಳೋಕಿಷ್ಟ ಅಂತ ನೋಡ್ಕೋತಾರೆ, ಜನ ಏನು ಕೇಳ್ತಿದಾರೆ ಅಂತ ನೋಡಲ್ಲ."

"ಜನ ಕೇಳಿದ್ದಕ್ಕೆ ಉತ್ತರ ಕೊಡುದೇ ನನ್ನ ಕಸುಬು ಮಾರಾಯ್ತಿ. ನೀ ನನಗೆ ಹೇಳಿ ಕೊಡುದಾ?" ಎಂದು ನಕ್ಕೆ.

ನಕ್ಕೆ ನಿಜ, ಆದರೆ ಮೊದಲು ನಾನೂ ಅದೇ ತಪ್ಪು ಮಾಡಿದೆ. ಉಡುಪಿ ಅಡುಗೆ ಎಂದು ಹಾಕಿದೆ. ಅಬ್ಬಬ್ಬಾ, ಅದು ಸಮುದ್ರ; ದೊಡ್ಡ ದೊಡ್ಡ ಸೈಟುಗಳು ಹಡಗಿನ ಹಾಗೆ ನಿಂತಿವೆ. ಇಡ್ಲಿ ಹಿಟ್ಟು ಹುಳಿ ಬರುವುದಿಲ್ಲ ಯಾಕೆ ಎಂದು ಹಾಕಿದೆ. ಅಲ್ಲೂ ಕಾಲಿಡಲು ಜಾಗವಿಲ್ಲ. ಗ್ರೈಂಡರ್ ಯಾವುದು ಒಳ್ಳೆಯದು ಎಂದು ಹಾಕಿದರೆ ಮಾರುವ ಕಂಪನಿಗಳೇ ಸಾಲಾಗಿ ಕೂತಿದ್ದವು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯಲ್ಲಿ ಸ್ವಲ್ಪ ಆಸೆ ಹುಟ್ಟಿತು, ಆದರೆ ಹುಡುಕುವವರು ಓದಿ ಹೋಗುತ್ತಾರೆ, ಕೊಳ್ಳುವುದು ಏನೂ ಇಲ್ಲ, ಜಾಹೀರಾತು ಬರುವುದಿಲ್ಲ ಎಂದು ಅವಳೇ ಹೊಡೆದು ಹಾಕಿದಳು. ಮೂರು ತಿಂಗಳು ಹೀಗೇ ಮಣ್ಣು ಅಗೆದೆ. ನನ್ನ ಗಂಡ ಒಮ್ಮೆ ಹಾದುಹೋಗುವಾಗ ಶೀಟು ನೋಡಿ, "ಎಂಥ, ಪರೀಕ್ಷೆಗೆ ಕಟ್ಟಿದ್ದಿಯಾ?" ಎಂದರು. ಅಷ್ಟೇ ಅವರ ಆಸಕ್ತಿ.

ಆಷಾಢದ ಒಂದು ಮಧ್ಯಾಹ್ನ ಫೋನು ಬಂತು. ಬಂಗಾಳಿ ಹೆಂಗಸು, ಮೊಮ್ಮಗುವಿನ ಅನ್ನಪ್ರಾಶನವಂತೆ. ಆರ್ಡರ್ ಕೊಡಲು ಅಲ್ಲ. ಅಡುಗೆಯನ್ನು ತಮ್ಮ ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ, ಐವತ್ತು ಜನಕ್ಕೆ ಎಷ್ಟು ಅಕ್ಕಿ ಬೇಕೆಂದು ಕೇಳಲು. "ಬೌದಿ, ಬೇಜಾರು ಮಾಡ್ಕೋಬೇಡಿ, ಕೇಳಲಿಕ್ಕೆ ಬೇರೆ ಯಾರೂ ಇಲ್ಲ" ಎಂದರು. ಇಲ್ಲಿ ದಾದಾನ ಹೆಂಡತಿ ಎಲ್ಲರಿಗೂ ಬೌದಿ, ಅತ್ತಿಗೆ. ಇಂಥ ಫೋನು ನನಗೆ ವಾರಕ್ಕೆ ಮೂರು ನಾಲ್ಕು ಬರುತ್ತವೆ. ಯಾರಿಗೂ ಇಲ್ಲ ಎಂದವಳಲ್ಲ. ಅನ್ನದ ಅಳತೆ ಬಚ್ಚಿಡಬಾರದು ಎಂದು ನನ್ನ ತವರಿನಲ್ಲಿ ಹೇಳುತ್ತಿದ್ದರು. ಅವರಿಗೂ ಹೇಳಿ ಫೋನಿಟ್ಟೆ. ಇಟ್ಟವಳೇ ಹಾಗೇ ನಿಂತೆ. ಕೇಳಲು ಬೇರೆ ಯಾರೂ ಇಲ್ಲವಂತೆ!

ಹೋಗಿ ಪೆಟ್ಟಿಗೆಯಲ್ಲಿ ಅದನ್ನೇ ಬರೆದೆ. ಐವತ್ತು ಜನಕ್ಕೆ ಎಷ್ಟು ಅಕ್ಕಿ. ಬರೆದು ಮುಗಿಯುವ ಮೊದಲೇ ಕೆಳಗೆ ಸಾಲುಗಟ್ಟಿ ಬಂದವು: ಇಪ್ಪತ್ತೈದು ಜನಕ್ಕೆ, ನೂರು ಜನಕ್ಕೆ, ನೂರು ಜನಕ್ಕೆ ಬೇಳೆ ಎಷ್ಟು, ಇನ್ನೂರು ಜನಕ್ಕೆ ಪಲಾವಿಗೆ ಎಣ್ಣೆ ಎಷ್ಟು, ಮೂವತ್ತು ಜನಕ್ಕೆ ಪಾಯಸಕ್ಕೆ ಹಾಲು ಎಷ್ಟು. ಹಿಂದಿ, ಇಂಗ್ಲಿಷ್, ಬಂಗಾಳಿ ಎಲ್ಲದರಲ್ಲೂ. ಮೊದಲ ಪುಟದಲ್ಲಿ ಯಾರೂ ದೊಡ್ಡವರಿಲ್ಲ. ಯಾರೋ ಯಾವಾಗಲೋ ಬರೆದ ಅರ್ಧಂಬರ್ಧ ಉತ್ತರಗಳು, ಒಂದಕ್ಕೊಂದು ತಾಳೆ ಇಲ್ಲ. ಪಕ್ಕದಲ್ಲಿ ಮಾತ್ರ ಜಾಹೀರಾತೇ ಜಾಹೀರಾತು: ದೊಡ್ಡ ಪಾತ್ರೆ, ಬಾಡಿಗೆ ಕುರ್ಚಿ, ಕಾಗದದ ತಟ್ಟೆ, ಗ್ಯಾಸ್ ಒಲೆ.

ಶನಿವಾರ ಹುಡುಗಿಗೆ ತೋರಿಸಿದೆ. ಅವಳು ಬಾಯಲ್ಲಿಟ್ಟ ಬನ್ಸ್ ಅಗಿಯುವುದನ್ನು ನಿಲ್ಲಿಸಿಬಿಟ್ಟಳು.

"ಅಕ್ಕ! ಇದು ಚಿನ್ನದ ಗಣಿ. ನಾನು ಇದೇ ಕೆಲ್ಸ ಮಾಡ್ತೀನಿ ದಿನಾ, ನನಗೆ ಹೊಳೀಲಿಲ್ವಲ್ಲ!"

"ನಿನಗೆ ಯಾರು ಫೋನ್ ಮಾಡಿ ಕೇಳ್ತಾರೆ?" ಎಂದೆ. ಅಷ್ಟು ಹೆಮ್ಮೆ ನನಗೆ ಮೆಟ್ರಿಕ್ ಪಾಸಾದಾಗಲೂ ಆಗಿರಲಿಲ್ಲ.

ಅಲ್ಲಿಂದ ಭಾದ್ರಪದದವರೆಗೆ ನಾನು ಮಾಡಿದ ಕೆಲಸ ನನಗೆ ಗೊತ್ತು. ಶೀಟು ನಾನೂರು ಚಿಲ್ಲರೆ ಸಾಲಾಯಿತು. ಪ್ರತಿ ಪ್ರಶ್ನೆಯ ಮುಂದೆ ಎಷ್ಟು ಮಂದಿ ಕೇಳುತ್ತಾರೆ, ಮೊದಲ ಪುಟದಲ್ಲಿ ಯಾರಿದ್ದಾರೆ, ನನ್ನ ಉತ್ತರ ಏನು. ಉತ್ತರವನ್ನು ನೆನಪಿನಿಂದ ಬರೆದು ಬಿಡಲಿಲ್ಲ; ಕ್ಯಾಟರಿಂಗ್ ಹೋದಾಗೆಲ್ಲ ಉಳಿದ ಪಾತ್ರೆ ತೂಗಿ ನೋಡಿದೆ. "ತೊಂಬತ್ತು ಜನ, ಅದರಲ್ಲಿ ಇಪ್ಪತ್ತು ಮಕ್ಕಳು" ಎಂಬಂಥ ಪ್ರಶ್ನೆಗಳನ್ನು ಯಾವ ಟೂಲೂ ತೋರಿಸಿರಲಿಲ್ಲ. ನನ್ನ ಕಿವಿಯೇ ತೋರಿಸಿತ್ತು. ಅವನ್ನೂ ಸೇರಿಸಿದೆ.

ನನಗೆ ಬೇಕಾಗಿದ್ದದ್ದು ಏನೆಂದು ಇಲ್ಲೇ ಹೇಳಬೇಕು. ಲಾಭ ಬಂದರೆ ಬೇಡ ಎನ್ನುವಷ್ಟು ಸನ್ಯಾಸಿನಿ ನಾನಲ್ಲ. ಆದರೆ ಆಸೆ ಅದಲ್ಲ. ಸೈಟುಗಳಲ್ಲಿ "ನಮ್ಮ ಬಗ್ಗೆ" ಎಂದು ಒಂದು ಪುಟ ಇರುತ್ತದೆ. ಅಲ್ಲಿ ನನ್ನ ಹೆಸರು, ನನ್ನ ಮುಖ, ಕೆಳಗೆ ಎರಡು ಸಾಲು: ಈಕೆ ಹತ್ತೊಂಬತ್ತು ವರ್ಷದಿಂದ ಸಾವಿರಾರು ಜನರ ಊಟದ ಅಳತೆ ಹೇಳಿದವಳು. ಈ ಅಳತೆ ನನಗೆ ಗೊತ್ತು ಎಂದು ಲೋಕದಲ್ಲಿ ಒಂದೇ ಒಂದು ಕಡೆ ಬರೆದಿರಬೇಕು. ಬೇರೇನೂ ಬೇಡ. ಹುಡುಗಿಗೆ ಇದನ್ನು ಬಾಯಿ ಬಿಟ್ಟು ಹೇಳಿದ್ದೆ. ನಾಚಿಕೆಯಾಗಿತ್ತು, ಆದರೂ ಹೇಳಿದ್ದೆ.

ಮತ್ತೆ ಮಾಡಿದ ತಪ್ಪು? ನಮ್ಮಂಥವರು ಮಾತ್ರ ಮಾಡುವ ತಪ್ಪು. ಒಳ್ಳೆಯ ದಿನ ನೋಡಿದೆ. ಶೀಟು ಮುಗಿಯುವಾಗ ಪಿತೃಪಕ್ಷ, ಆಗ ಹೊಸತು ಶುರು ಮಾಡುವ ಹಾಗಿಲ್ಲ. ಮಹಾಲಯ ಕಳೆಯಿತು, ದುರ್ಗಾಪೂಜೆಯ ಗದ್ದಲ, ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಅಗ್ರಹಾಯಣ, ಬಂಗಾಳಿಗಳ ಮಾರ್ಗಶಿರ, ಮದುವೆಗಳ ಸುಗ್ಗಿ. ಅದು ಮುಗಿಯಿತೆಂದರೆ ಬಂಗಾಳಿಗಳಿಗೆ ಪೌಷ ಬೇಡ, ನಮಗೆ ಧನುರ್ಮಾಸ ಬೇಡ. ಎರಡೂ ಊರಿನ ಪಂಚಾಂಗ ಸೇರಿಕೊಂಡು ನನ್ನನ್ನು ಕಟ್ಟಿಹಾಕಿದವು. ಕೊನೆಗೆ ಇಲ್ಲಿಯವರು ಮಾಘದಲ್ಲಿ ಮಾಡುವ ಸರಸ್ವತಿ ಪೂಜೆಯ ದಿನ ಎಂದು ಗೊತ್ತು ಮಾಡಿದೆ. ಮಕ್ಕಳಿಗೆ ಅಕ್ಷರ ಬರೆಸುವ ದಿನ, ನನಗೂ ಆಗಬಹುದು ಎಂದುಕೊಂಡೆ. ಹುಡುಗಿ ಪ್ರತಿ ಸಲ "ಅಕ್ಕ, ಯಾವಾಗ?" ಎನ್ನುತ್ತಿದ್ದಳು. ನಾನು ಮುಂದಿನ ದಿನ ಹೇಳುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು, ಬರುವುದನ್ನೂ ಕಡಿಮೆ ಮಾಡಿದಳು. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದಳು, ನಂಬಿದೆ. ಡಬ್ಬಿಯಲ್ಲಿ ಊಟ ಕಳಿಸಿದೆ.

ಅದೇ ದಿನಗಳಲ್ಲಿ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ನನ್ನ ಗಂಡ ನನ್ನ ಹತ್ತಿರ ಮಾತಾಡಲು ಶುರು ಮಾಡಿದರು. ಸಂಜೆ ಕಾಫಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ, "ಅಲ್ಲ ಮಾರಾಯ್ತಿ, ನೂರು ಜನಕ್ಕೆ ಗಸಗಸೆ ಪಾಯಸ ಅಂದ್ರೆ ಬೆಲ್ಲ ಎಷ್ಟು ಬೇಕಾಗ್ತದೆ?" ಎನ್ನುತ್ತಿದ್ದರು. ನಾನು ಹೇಳಿದರೆ, "ಹೌದಾ? ಅಷ್ಟು ಸಾಕಾ?" ಎಂದು ಮತ್ತೆ ಕೇಳುತ್ತಿದ್ದರು. "ಮಕ್ಕಳು ಜಾಸ್ತಿ ಇದ್ರೆ?" ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಉಪ್ಪು ಕಡಿಮೆ ಎಂದೋ ಫೋನ್ ತೆಗಿ ಎಂದೋ ಬಿಟ್ಟರೆ ನಮ್ಮ ಮಧ್ಯೆ ಮಾತು ಅಷ್ಟಕ್ಕಷ್ಟೆ. ಈಗ ಇವರು ನಿಂತು ಕೇಳುತ್ತಾರೆ! ವಯಸ್ಸಾಗುತ್ತಾ ಬಂದ ಹಾಗೆ ಗಂಡಸರು ಮೆತ್ತಗಾಗುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು, ಅದೇ ಇರಬೇಕು ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂಜೆ ಕಾಫಿ ಹೊತ್ತಿಗೆ ಮುಖ ತೊಳೆದು ಸೀರೆ ಬದಲಿಸುವುದಕ್ಕೆ ಶುರು ಮಾಡಿದ್ದೆ.

ಸರಸ್ವತಿ ಪೂಜೆಗೆ ಆರು ದಿನ ಇರುವಾಗ ಮಗಳು ಕಾಲೇಜಿನಿಂದ ಬಂದವಳು ಮೊಬೈಲು ಹಿಡಿದು ಮೆಟ್ಟಿಲಿನಲ್ಲೇ ಕೂಗಿದಳು. "ಮಮ್ಮಾ! ಪಪ್ಪಾ ತೋ ಫೇಮಸ್ ಹೋ ಗಯೇ!" ಅವಳ ಗೆಳತಿಯ ಮನೆಯಲ್ಲಿ ಪೂಜೆಯ ದಿನ ಎಪ್ಪತ್ತು ಜನಕ್ಕೆ ಖಿಚುರಿಯಂತೆ. ಅಳತೆ ಹುಡುಕುವಾಗ ಒಂದು ಸೈಟು ಸಿಕ್ಕಿತಂತೆ.

ಮೇಲೆ ದೊಡ್ಡ ಅಕ್ಷರದಲ್ಲಿ ಎಷ್ಟು ಜನಕ್ಕೆ ಎಷ್ಟು ಎಂಬ ಶೀರ್ಷಿಕೆ. ಕೆಳಗೆ ಸಾಲು ಸಾಲಾಗಿ ನನ್ನ ಪ್ರಶ್ನೆಗಳು, ನನ್ನ ಶೀಟಿನಲ್ಲಿದ್ದ ಕ್ರಮದಲ್ಲೇ. ತೊಂಬತ್ತು ಜನ, ಅದರಲ್ಲಿ ಇಪ್ಪತ್ತು ಮಕ್ಕಳು. ನೂರು ಜನಕ್ಕೆ ಗಸಗಸೆ ಪಾಯಸ. ಅದು ನನ್ನ ಶೀಟಿನಲ್ಲಿ ಇರಲೇ ಇಲ್ಲ! ಅದನ್ನು ನಾನು ಹೇಳಿದ್ದು ಕಾಫಿ ಹೊತ್ತಿನಲ್ಲಿ, ಒಬ್ಬರಿಗೆ ಮಾತ್ರ. "ನಮ್ಮ ಬಗ್ಗೆ" ಒತ್ತಿದೆ. ಹಿತ್ತಾಳೆ ಹಂಡೆಯ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ ನನ್ನ ಗಂಡ. ಫೋಟೋ ಹೊಡೆದದ್ದು ನಾನೇ, ದೀಪಾವಳಿಗೆ, "ಒಂದು ಒಳ್ಳೆ ಫೋಟೋ ತೆಗಿ ನನ್ನದು" ಎಂದು ಅವರೇ ಕೇಳಿದ್ದರು. ಕೆಳಗೆ ಬರೆದಿತ್ತು: ಸಾವಿರಾರು ಜನರ ಊಟದ ಅಳತೆ ಬಾಯಿಪಾಠ ಇರುವ ಅನುಭವಿ ಕ್ಯಾಟರರ್. ನಾನು ಹುಡುಗಿಗೆ ಹೇಳಿದ್ದ ಮಾತೇ. ಗಂಡಸರಿಗೆ ತಕ್ಕ ಹಾಗೆ ತಿದ್ದಿದ್ದರು, ಅಷ್ಟೆ.

"ಕ್ಯಾ ಹುವಾ ಮಮ್ಮಾ?" ಎಂದಳು ಮಗಳು. ಒಂದು ಲೋಟ ನೀರು ಕೊಡು ಎಂದೆ.

ಮನುಷ್ಯರ ಮನಸ್ಸು ನೋಡಿ. ಆ ಗಳಿಗೆಯಲ್ಲೂ ನಾನು ಗಂಡನನ್ನು ಬಿಟ್ಟು ಹುಡುಗಿಯ ಮೇಲೆ ಎಲ್ಲವನ್ನೂ ಹೊರಿಸಿದೆ. ಅವಳೇ ಇವರ ತಲೆ ಕೆಡಿಸಿರಬೇಕು, ಉಂಡ ಮನೆಗೆ ಎರಡು ಬಗೆದಳು ಎಂದುಕೊಂಡೆ. ಮಾರನೆಯ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಹೊರಟೆ. ಎಸ್ಪ್ಲನೇಡಿನಲ್ಲಿ ಮೆಟ್ರೋ ಬದಲಿಸಿ ಸೆಕ್ಟರ್ ಫೈವಿಗೆ. ಇಷ್ಟು ವರ್ಷ ಈ ಊರಲ್ಲಿದ್ದು ಆ ಕಡೆಗೆ ಹೋದದ್ದು ಅದೇ ಮೊದಲು. ಗಾಜಿನ ಕಟ್ಟಡಗಳ ಕೆಳಗೆ ನಿಂತು ಫೋನ್ ಮಾಡಿದೆ. ಅವಳು ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡು ಇಳಿದು ಬಂದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಅಕ್ಕ, ಸರ್ ಹೇಳಿರ್ಲಿಲ್ವಾ ನಿಮಗೆ?"

"ಎಂಥ ಹೇಳುದು?"

"ಅವರೇ ಕರೆದ್ರು ನನ್ನ. ದೀಪಾವಳಿಗೆ ಮುಂಚೆ. ಹೋಟೆಲ್ ಕಂಪ್ಯೂಟರ್‌ನಲ್ಲಿ ಶೀಟ್ ನೋಡಿದ್ರಂತೆ. ಸೈಟ್ ಮಾಡ್ಕೊಡು, ಕ್ಯಾಟರಿಂಗ್ ಆರ್ಡರ್ ಬರುತ್ತೆ ಅಂದ್ರು. ಅವಳಿಗೆ ನಾನೇ ಹೇಳ್ತೀನಿ, ಸರ್‌ಪ್ರೈಸ್ ಇರ್ಲಿ ಅಂದ್ರು."

"ಮತ್ತೆ ಆ ಫೋಟೋ?"

ಅವಳು ಕಾರ್ಡಿನ ದಾರ ಬೆರಳಿಗೆ ಸುತ್ತಿಕೊಂಡಳು. "ಅದು... ಕ್ಯಾಟರರ್ ಅಂದ್ರೆ ಗಂಡಸರ ಮುಖ ಇದ್ರೆ ಜನ ನಂಬ್ತಾರೆ ಅಕ್ಕ. ಹೆಂಗಸರ ಫೋಟೋ ಹಾಕಿದ್ರೆ ಮನೆ ಅಡುಗೆ ಬ್ಲಾಗ್ ಅನ್ಕೋತಾರೆ. ಅದು ನಾನೇ ಹೇಳಿದ್ದು. ಸುಳ್ಳು ಹೇಳಲ್ಲ."

"ನನಗೆ ಅಲ್ಲಿ ಎಂಥ ಬೇಕಿತ್ತು ಅಂತ ನಿನಗೆ ಗೊತ್ತಿತ್ತು. ನಿನ್ನ ಹತ್ರ ಮಾತ್ರ ಹೇಳಿದ್ದೆ. ಒಂದು ಮಾತು ನನ್ನ ಹತ್ರ ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ಕೇಳಿದ್ರೆ ನೀವು ಇನ್ನೊಂದು ಒಳ್ಳೇ ದಿನ ನೋಡ್ತಿದ್ರಿ ಅಕ್ಕ."

ಕೆನ್ನೆಗೆ ಹೊಡೆದ ಹಾಗಾಯಿತು. ಸತ್ಯದ ಪೆಟ್ಟು ಸುಳ್ಳಿನ ಪೆಟ್ಟಿಗಿಂತ ಹೆಚ್ಚು ಉರಿಯುತ್ತದೆ. ಆಮೇಲೆ ಅವಳು ಅಳಲು ಶುರು ಮಾಡಿದಳು. ಕೀವರ್ಡ್ ಯಾರ ಆಸ್ತಿಯೂ ಅಲ್ಲ, ಇವತ್ತಲ್ಲ ನಾಳೆ ಬೇರೆ ಯಾರಾದರೂ ಹುಡುಕಿ ಮಾಡುತ್ತಿದ್ದರು, ಕಡೇಪಕ್ಷ ನಿಮ್ಮ ಮನೆಯಲ್ಲೇ ಉಳಿಯಿತಲ್ಲ ಎಂದು ಏನೇನೋ ಹೇಳಿದಳು. ದಾರಿಯುದ್ದಕ್ಕೂ ನಾನು ಬೈಗುಳ ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಊಟ ಆಯ್ತಾ?" ಎಂದು ಕೇಳಿಬಿಟ್ಟೆ, ಅಭ್ಯಾಸಬಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬೆನ್ನು ತಿರುಗಿಸಿ ಬಂದೆ. ಆಮೇಲೆ ಅವಳು ನಮ್ಮ ಬೀದಿ ಬಿಟ್ಟಳೆಂದು ಕೇಳಿದೆ.

ಮೆಟ್ರೋದಲ್ಲಿ ಕೂತಾಗ ಹುಡುಗಿಯ ಮೇಲಿನ ಸಿಟ್ಟು ಅರ್ಧಕ್ಕಿಳಿಯಿತು. ಅವಳು ಮೂರು ವರ್ಷ ಉಂಡವಳು. ಇವರು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಎಲ್ಲಕ್ಕಿಂತ ಆ ಕಾಫಿ ಹೊತ್ತು ನನ್ನನ್ನು ಸುಟ್ಟಿತು. ಶೀಟು ಕದ್ದದ್ದನ್ನಾದರೂ ಒಂದು ದಿನ ಕ್ಷಮಿಸಿಯೇನು. ಬಾಗಿಲಿಗೆ ಒರಗಿ "ಹೌದಾ, ಅಷ್ಟು ಸಾಕಾ?" ಎಂದದ್ದನ್ನು ಹೇಗೆ ಕ್ಷಮಿಸಲಿ? ನಾನು ಸೀರೆ ಬದಲಿಸಿಕೊಂಡು ನಿಲ್ಲುತ್ತಿದ್ದೆನಲ್ಲ. ಕಾಫಿ ಮುಗಿಸಿ ಇವರು ಕೆಳಗೆ ಹೋಗಿ ಬರೆದುಕೊಳ್ಳುತ್ತಿದ್ದರು.

ಮನೆಗೆ ಬಂದು ನೇರವಾಗಿ ಕೇಳಿದೆ. ಅವರು ಕೌಂಟರಿನಲ್ಲಿ ಬಡೆಸೊಪ್ಪಿನ ಬಟ್ಟಲು ತುಂಬಿಸುತ್ತಿದ್ದರು.

"ಓ, ನೋಡಿದಿಯಾ? ಪೂಜೆ ದಿನ ಹೇಳುವ ಅಂತ ಇದ್ದೆ" ಎಂದರು. ಮುಖದಲ್ಲಿ ಒಂದು ಗೆರೆ ಕದಲಲಿಲ್ಲ.

"ಅದು ನನ್ನದು."

"ನಿನ್ನದು ನನ್ನದು ಅಂತ ಎಂಥ ಉಂಟು ಮಾರಾಯ್ತಿ? ನಮ್ಮದೇ ಅಲ್ವಾ? ಆರ್ಡರ್ ಬಂದ್ರೆ ಮನೆಗೇ ಬರುದಲ್ವಾ?"

"ಹಾಗಾದ್ರೆ ನನ್ನ ಹೆಸರು ಯಾಕೆ ಇಲ್ಲ?"

"ನೀನು ಆಟಕ್ಕೆ ಮಾಡ್ತಿದ್ದದ್ದು ಅಂತ ತಿಳ್ಕೊಂಡೆ ನಾನು. ಹೊತ್ತು ಹೋಗ್ಲಿಕ್ಕೆ. ನಿಜವಾಗಿ ಬೇಕಿದ್ರೆ ಶುರು ಮಾಡ್ತಿದ್ದೆ ಅಲ್ವಾ ನೀನು?" ಎಂದು ಬಟ್ಟಲಿನ ಮೇಲೆ ಕಲ್ಲುಸಕ್ಕರೆ ಉದುರಿಸಿದರು. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ದ್ವೇಷದಿಂದ ಮಾಡಿದ್ದರೆ ಜಗಳವಾಡಬಹುದಿತ್ತು. ಇವರು ಕಡ್ಡಿಪೆಟ್ಟಿಗೆ ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು. ನಾನು ಕೂಗಾಡಿದೆ. ಟೇಬಲ್ಲಿನಲ್ಲಿ ಕೂತ ಇಬ್ಬರು ಗಿರಾಕಿಗಳು ದೋಸೆ ಬಿಟ್ಟು ನೋಡಿದರು. "ಮೇಲೆ ಹೋಗಿ ಮಾತಾಡುವ" ಎಂದರು ಇವರು. ಮೇಲೆ ಹೋದ ಮೇಲೆ ಮಾತಾಡಲಿಲ್ಲ. ಹೆಸರು ಹಾಕಿಸಿ ಎಂದು ಬೇಡುವುದು ನನ್ನಿಂದಾಗಲಿಲ್ಲ, ಹಾಕಿಸುತ್ತೇನೆ ಎನ್ನುವುದು ಅವರಿಗೆ ಹೊಳೆಯಲಿಲ್ಲ.

ಸೈಟಿನಿಂದ ಆರ್ಡರ್ ಬಂದವು, ಸುಳ್ಳು ಯಾಕೆ ಹೇಳಲಿ. ಸೈಟಿನಲ್ಲಿ ಹಾಕಿದ್ದು ಅವರ ಮೊಬೈಲ್ ನಂಬರ್. ನನ್ನ ಫೋನಿಗೆ ಬರುತ್ತಿದ್ದ ಪ್ರಶ್ನೆಗಳು ಈಗ ಅವರಿಗೆ ಬರತೊಡಗಿದವು. ಅಳತೆಯ ಪ್ರಶ್ನೆ ಬಂದರೆ ಸೈಟು ತೆರೆದು ಓದಿ ಹೇಳುತ್ತಿದ್ದರು. ನನ್ನನ್ನು ಕೇಳುವ ಧೈರ್ಯ ಆಮೇಲೆ ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚೈತ್ರದ ಒಂದು ಮಧ್ಯಾಹ್ನ, ಹೋಟೆಲು ಖಾಲಿ. ನಾನು ಮೂಲೆಯ ಟೇಬಲ್ಲಿನಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದೆ. ಇವರಿಗೆ ಫೋನು ಬಂತು, ಸ್ಪೀಕರಿನಲ್ಲಿ. ಬೆಹಾಲಾದ ಹೆಂಗಸು. ಗೃಹಪ್ರವೇಶಕ್ಕೆ ಅರವತ್ತು ಜನ, ಸಾಂಬಾರು ಸ್ವತಃ ಮಾಡಬೇಕೆಂದು ಆಸೆ, ಹುಣಸೆಹಣ್ಣು ಮೆಣಸಿನ ಪುಡಿ ಎಷ್ಟು? ಇವರು ಸೈಟು ಹುಡುಕಿದರು. ಸಾಂಬಾರು ಹತ್ತು ಜನಕ್ಕೆ ಇತ್ತು, ಅರವತ್ತಕ್ಕೆ ಇರಲಿಲ್ಲ. ಕ್ಯಾಲ್ಕುಲೇಟರ್ ತೆಗೆದು ಆರರಿಂದ ಗುಣಿಸಿದರು. ದೊಡ್ಡ ಅಡುಗೆಯಲ್ಲಿ ಅಕ್ಕಿ ಬೇಳೆ ಗುಣಿಸಬಹುದು, ಹುಳಿ ಖಾರ ಉಪ್ಪು ಗುಣಿಸಿದರೆ ಬಾಯಿಗಿಡಲಾಗುವುದಿಲ್ಲ. ಮುಕ್ಕಾಲು ಪಾಲು ಸಾಕು. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರಿಗೂ ಇದು ಗೊತ್ತು. ಇವರಿಗೆ ಗೊತ್ತಿರಲಿಲ್ಲ. ಹೊಸ ಮನೆ, ಅರವತ್ತು ಜನ ನೆಂಟರ ಮುಂದೆ ಆ ಹೆಂಗಸು ಸಾಂಬಾರು ಬಡಿಸುವುದು ನನ್ನ ಕಣ್ಣ ಮುಂದೆ ಬಂತು. ಸಾಯಲಿ ಎಂದು ಸುಮ್ಮನಿರಬೇಕೆಂದು ಎಷ್ಟು ಪ್ರಯತ್ನಪಟ್ಟೆ! ಆಗಲಿಲ್ಲ. ಎದ್ದು ಹೋಗಿ ಅವರ ಕೈಯಿಂದ ಫೋನು ತೆಗೆದುಕೊಂಡೆ.

ಎಲ್ಲವನ್ನೂ ಹೇಳಿದೆ. ಹುಣಸೆ ಎಷ್ಟು, ಖಾರ ಎಷ್ಟು, ಉಪ್ಪು ಎರಡು ಸಲ ಯಾಕೆ ಹಾಕಬೇಕು, ಬೆಲ್ಲ ಯಾವಾಗ. ಆ ಹೆಂಗಸು ಹ್ಞೂಂ ಹ್ಞೂಂ ಎಂದು ಬರೆದುಕೊಂಡರು. ಮುಗಿದ ಮೇಲೆ, ಬಹಳ ಮರ್ಯಾದೆಯಿಂದಲೇ, "ಬೌದಿ, ಫೋನ್‌ಟಾ ಎಕ್ಟು ದಾದಾಕೆ ದಿನ್ ನಾ" ಎಂದರು. ಫೋನು ಸ್ವಲ್ಪ ದಾದಾಗೆ ಕೊಡಿ, ಅರವತ್ತು ಜನದ ವಿಷಯ ಅಲ್ಲವೇ, ಒಂದು ಸಲ ಗೊತ್ತಿರುವವರ ಹತ್ತಿರ ಕೇಳಿಕೊಳ್ಳುತ್ತೇನೆ, ತಪ್ಪು ತಿಳಿಯಬೇಡಿ.

ಫೋನು ಕೊಟ್ಟೆ. ನನ್ನ ಗಂಡ ಗಂಟಲು ಸರಿ ಮಾಡಿಕೊಂಡರು. "ಹ್ಯಾ ದಿದಿ," ಎಂದರು, "ಠಿಕ್ ಬೋಲೇಛೇ." ಸರಿಯಾಗಿಯೇ ಹೇಳಿದ್ದಾಳೆ ಎಂದು.